ಚಕ್ರಕ್ಕೆ ನೆನಪಿಲ್ಲ

ಜೂಜಿನ ವಿಷಯದಲ್ಲಿ ನಮ್ಮವರದು ಸಿದ್ಧವಾದ ಒಂದು ಅಭಿಪ್ರಾಯ. ಜೂಜುಕಟ್ಟೆಯೆಂದರೆ ಮೋಸ; ಆಡಿಸುವವನು ಶಕುನಿ, ಸೋಲುವವನು ಧರ್ಮರಾಯ. ಮಹಾಭಾರತ ನಮ್ಮ ಮನಸ್ಸಿನಲ್ಲಿ ಬೇರುಬಿಟ್ಟಿರುವ ಪರಿಯನ್ನು ನೆನೆದರೆ ಇದು ಸಹಜವೇ. ಆದರೆ ಕಾಗದ ಪೆನ್ಸಿಲು ಹಿಡಿದು ಕುಳಿತು ಮಾಂಟಿ ಕಾರ್ಲೊ ಬಗೆಯ ಕ್ಯಾಸಿನೊಗಳ ಲೆಕ್ಕವನ್ನು ನೋಡಿದಾಗ ನನಗೆ ಅನ್ನಿಸಿದ್ದೇ ಬೇರೆ. ಅಲ್ಲಿ ಶಕುನಿಯ ಅಗತ್ಯವೇ ಇಲ್ಲ. ದಾಳಕ್ಕೆ ಮಂತ್ರ ಹಾಕದೆ, ಯಾರಿಗೂ ಸುಳ್ಳು ಹೇಳದೆ, ಯಜಮಾನನು ಸುಖವಾಗಿ ಉಣ್ಣುತ್ತಾನೆ. ಹಾಗಾದರೆ ತಪ್ಪು ಎಲ್ಲಿದೆ?

ರೂಲೆಟ್ ಚಕ್ರವನ್ನೇ ತೆಗೆದುಕೊಳ್ಳಿ. ಯೂರೋಪಿನ ಚಕ್ರದಲ್ಲಿ ಸೊನ್ನೆಯಿಂದ 36ರವರೆಗೆ ಒಟ್ಟು 37 ಮನೆಗಳು. ಒಂದು ಅಂಕೆಯ ಮೇಲೆ ಒಂದು ರೂಪಾಯಿ ಕಟ್ಟಿ ಗೆದ್ದವನಿಗೆ ಅವನ ರೂಪಾಯಿಯ ಜೊತೆಗೆ 35 ರೂಪಾಯಿ ಕೊಡುತ್ತಾರೆ. ನ್ಯಾಯವಾಗಿ ಕೊಡಬೇಕಾದದ್ದು 36. ಆ ಉಳಿದ ಒಂದು ರೂಪಾಯಿಯೇ ಮನೆಯ ಪಾಲು. ಕಟ್ಟಿದ ಹಣದಲ್ಲಿ ಸರಾಸರಿ ನೂರಕ್ಕೆ 2.7. ಅಮೆರಿಕದವರು ಇನ್ನೊಂದು ಸೊನ್ನೆ ಸೇರಿಸಿ ಅದನ್ನು 5.26ಕ್ಕೆ ಏರಿಸಿದ್ದಾರೆ. ಇದರಲ್ಲಿ ಗುಟ್ಟೇನೂ ಇಲ್ಲ. ಮನೆಗಳನ್ನು ಎಣಿಸಬಲ್ಲ ಶಾಲೆಯ ಹುಡುಗನೂ ಕಂಡುಕೊಳ್ಳಬಹುದು. ನಮ್ಮ ಬೀದಿಯ ಶೆಟ್ಟರೂ ಇದಕ್ಕಿಂತ ಹೆಚ್ಚು ಲಾಭವಿಟ್ಟುಕೊಂಡೇ ಬೇಳೆ ಮಾರುತ್ತಾರೆಂದು ಕಾಣುತ್ತದೆ. (ಅವರು ಬೇಳೆ ಕೊಡುತ್ತಾರೆ ಎಂಬುದು ನಿಜ.)

1913ರ ಆಗಸ್ಟ್ 18ರ ರಾತ್ರಿ ಮಾಂಟಿ ಕಾರ್ಲೊದ ಒಂದು ಮೇಜಿನಲ್ಲಿ ಕಪ್ಪು ಬಣ್ಣವೇ ಒಂದೇ ಸಮನೆ 26 ಸಲ ಬಿತ್ತು. ಹತ್ತು ಹದಿನೈದು ಸಲ ಆಗುವ ಹೊತ್ತಿಗೆ ಜನ ಮುಗಿಬಿದ್ದು ಕೆಂಪಿನ ಮೇಲೆ ಹಣ ಸುರಿಯತೊಡಗಿದರು. ಕಪ್ಪು ಇಷ್ಟು ಸಲ ಬಂದಮೇಲೆ ಇನ್ನು ಕೆಂಪಿನ ಸರದಿಯಲ್ಲವೆ? ಲಕ್ಷಾಂತರ ಫ್ರಾಂಕುಗಳು ಆ ರಾತ್ರಿ ಕರಗಿದವು.

ಇದನ್ನು ದುರಾಶೆಯೆಂದು ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ. ದುರಾಶೆ ಇತ್ತು, ನಿಜ. ಆದರೆ ಅದರ ಕೆಳಗೆ ಇನ್ನೊಂದಿತ್ತು. ಇಷ್ಟು ಕಾಲ ಸೋತವನಿಗೆ ಇನ್ನಾದರೂ ಗೆಲುವು ಸಲ್ಲಬೇಕು, ಲೋಕ ಬಾಕಿಯನ್ನು ಇಟ್ಟುಕೊಳ್ಳುವುದಿಲ್ಲ ಎಂಬ ನಂಬಿಕೆ ಅದು. ಈ ನಂಬಿಕೆಯಿಲ್ಲದೆ ನಾವಾರೂ ಸಂಸಾರ ನಡೆಸಲಾರೆವು. ಕಷ್ಟದಲ್ಲಿರುವ ನೆರೆಯವನಿಗೆ “ನಿಮಗೂ ಒಳ್ಳೆಯ ಕಾಲ ಬರುತ್ತದೆ” ಎನ್ನುವಾಗ ನಾವು ಹೇಳುವುದೂ ಇದನ್ನೇ. ಆದರೆ ಚಕ್ರಕ್ಕೆ ನೆನಪಿಲ್ಲ. ಇಪ್ಪತ್ತೇಳನೆಯ ಸಲವೂ ಕೆಂಪಿಗೆ ಇರುವುದು 37ರಲ್ಲಿ 18 ಪಾಲು ಮಾತ್ರ. ಕೊನೆಗೆ ಎಲ್ಲ ಸರಿಹೋಗುತ್ತದಲ್ಲ ಎನ್ನುವವರುಂಟು. ಸರಿಹೋಗುವುದು ಸಾಲ ತೀರಿಸಿದಂತಲ್ಲ. ಕೆರೆಯಲ್ಲಿ ಒಂದು ಹಿಡಿ ಉಪ್ಪು ಕರಗಿದಂತೆ. ಆ 26 ಕಪ್ಪುಗಳನ್ನು ಯಾವ ಕೆಂಪೂ ಬಂದು ತುಂಬಿಕೊಡುವುದಿಲ್ಲ. ಮುಂದಿನ ಲಕ್ಷ ಸುತ್ತುಗಳ ನಡುವೆ ಅವು ಕಾಣದೆ ಹೋಗುತ್ತವೆ, ಅಷ್ಟೆ.

ಇನ್ನೊಂದು ಲೆಕ್ಕ ನನ್ನನ್ನು ಇದಕ್ಕಿಂತ ಹೆಚ್ಚು ಕಾಡಿತು. ನೂರು ರೂಪಾಯಿ ಹಿಡಿದು ಹೋದವನು ಅದನ್ನು ಇನ್ನೂರು ಮಾಡಬೇಕೆಂದಿದ್ದಾನೆ. ಕಣ್ಣುಮುಚ್ಚಿ ಎಲ್ಲವನ್ನೂ ಒಂದೇ ಸಲ ಕೆಂಪಿನ ಮೇಲೆ ಇಟ್ಟರೆ ಗೆಲ್ಲುವ ಸಂಭವ ನೂರಕ್ಕೆ 48.6. ಇನ್ನೊಬ್ಬ ನಮ್ಮ ನಿಮ್ಮಂಥ ಗೃಹಸ್ಥ. ಇನ್ನೂರಾಗುವವರೆಗೆ ಅಥವಾ ಎಲ್ಲವೂ ಕಳೆಯುವವರೆಗೆ, ಒಂದೊಂದೇ ರೂಪಾಯಿ ಕಟ್ಟುತ್ತ ಎಚ್ಚರಿಕೆಯಿಂದ ಆಡುತ್ತಾನೆ. ಅವನು ಗುರಿ ಮುಟ್ಟುವ ಸಂಭವ ಇನ್ನೂರರಲ್ಲಿ ಒಂದಕ್ಕಿಂತಲೂ ಕಡಮೆ! (ಸೊನ್ನೆ ಬಿದ್ದಾಗ ಅರ್ಧ ಪಣ ಹಿಂತಿರುಗಿಸುವ ರಿಯಾಯಿತಿ ಕೆಲವೆಡೆ ಉಂಟು, ಅದನ್ನು ಇಲ್ಲಿ ಹಿಡಿದಿಲ್ಲ.) ಪ್ರತಿ ಸುತ್ತಿಗೂ ಮನೆಯ ಪಾಲು ಸಲ್ಲುತ್ತಲೇ ಇರುತ್ತದೆ, ಹೆಚ್ಚು ಸುತ್ತು ಆಡಿದವನು ಹೆಚ್ಚು ಸಲ ಸುಂಕ ಕಟ್ಟುತ್ತಾನೆ. ಮನೆಯಲ್ಲಿ ನಮ್ಮನ್ನು ಕಾಪಾಡುವ ತಾಳ್ಮೆ, ಮಿತವ್ಯಯಗಳು ಆ ಮೇಜಿನ ಮುಂದೆ ನಮ್ಮನ್ನು ಮುಳುಗಿಸುತ್ತವೆ.

ಪ್ರತಿಕೂಲವಾದ ಲೆಕ್ಕವೇ ಪಾಪವೆಂದು ಹೇಳುವಂತೆಯೂ ಇಲ್ಲ. ಜೀವವಿಮೆಯ ಕಂತಿನಲ್ಲಿಯೂ ಕಂಪನಿಯ ಖರ್ಚಿಗೆಂದು ಒಂದು ಪಾಲು ಸೇರಿರುತ್ತದೆ. ಅದನ್ನು ನಾವು ವಿವೇಕವೆನ್ನುತ್ತೇವೆ, ಸರಿಯಾಗಿಯೇ. ಅಲ್ಲಿ ಹಣ ಕೊಡುವುದು ಇರುವ ಅಪಾಯವನ್ನು ಹಂಚಿಕೊಳ್ಳಲು. ಇಲ್ಲಿ ಇಲ್ಲದ ಅಪಾಯವನ್ನು ಕೊಂಡುಕೊಳ್ಳಲು.

ಈಗಿನ ಅನೇಕ ಕ್ಯಾಸಿನೊಗಳಲ್ಲಿ ಮೇಜಿನ ಪಕ್ಕಕ್ಕೆ ದೀಪದ ಫಲಕವೊಂದಿರುತ್ತದೆ. ಹಿಂದೆ ಬಿದ್ದ ಅಂಕೆಗಳನ್ನೆಲ್ಲ ಅದು ಸಾಲಾಗಿ ತೋರಿಸುತ್ತದೆ. ಒಂದೂ ಸುಳ್ಳಲ್ಲ. ಮುಂದೆ ಬೀಳುವ ಅಂಕೆಗೂ ಅವಕ್ಕೂ ಸಂಬಂಧವೂ ಇಲ್ಲ. ಮತ್ತೇಕೆ ಆ ಫಲಕ? ಕೇಳಿದರೆ ಯಜಮಾನನು “ಆಟಗಾರರು ಬಯಸುತ್ತಾರೆ, ನಾನು ಸತ್ಯವನ್ನಷ್ಟೇ ಬರೆದಿದ್ದೇನೆ” ಎಂದಾನು. ಅವನ ಮೇಲೆ ಯಾವ ನ್ಯಾಯಾಲಯವೂ ಸುಳ್ಳಿನ ಆರೋಪ ಹೊರಿಸಲಾರದು. ಆದರೂ, ಎದುರಿನವನು ತಪ್ಪು ತಿಳಿಯುತ್ತಾನೆಂದು ಬಲ್ಲವನು ಆಡುವ ಸತ್ಯ ಶಕುನಿಯ ದಾಳಕ್ಕಿಂತ ಎಷ್ಟು ದೂರದಲ್ಲಿದೆಯೆಂದು ನಾನು ಮತ್ತೆ ಮತ್ತೆ ಅಳೆದು ನೋಡಿದ್ದೇನೆ. ಹೆಚ್ಚು ದೂರ ಕಾಣುವುದಿಲ್ಲ.

ಮಾಂಟಿ ಕಾರ್ಲೊ ಇರುವುದು ಮೊನಾಕೊ ಎಂಬ ಪುಟ್ಟ ಸಂಸ್ಥಾನದಲ್ಲಿ. ಹತ್ತೊಂಬತ್ತನೆಯ ಶತಮಾನದಲ್ಲಿ ಬರಿದಾಗಿದ್ದ ಅದರ ಬೊಕ್ಕಸವನ್ನು ತುಂಬಿಸಿದ್ದು ಆ ಕ್ಯಾಸಿನೊ. ಮೊನಾಕೊದ ಸ್ವಂತ ಪ್ರಜೆಗಳು ಮಾತ್ರ ಅದರಲ್ಲಿ ಜೂಜಾಡುವಂತಿಲ್ಲ. ಅಲ್ಲಿಯ ಕಾನೂನು ಅವರನ್ನು ತಡೆಯುತ್ತದೆ.