ದುರಸ್ತಿಯ ಧರ್ಮ

ಅಂಬಾಸಿಡರ್ ಕಾರಿನ ತಯಾರಿಕೆ 2014ರಲ್ಲಿ ನಿಂತಿತು. ಉಳಿದ ಕಾರುಗಳು ದುರಸ್ತಿಯ ಬಲದಿಂದಲೇ ಓಡುತ್ತಿವೆ. ಅಂತಹ ಕಾರಿನ ಸ್ಟೀರಿಂಗ್ ಸಡಿಲವಾಗಿ ಆಡತೊಡಗಿದಾಗ ಮಾಲೀಕ, ಮೆಕ್ಯಾನಿಕ್ ಇಬ್ಬರ ಮುಂದೆಯೂ ಒಂದು ನೈತಿಕ ಪ್ರಶ್ನೆ ಏಳುತ್ತದೆ. ಸವೆದಿರುವುದು ಬುಷ್ ಮಾತ್ರವಾಗಿದ್ದರೆ, ಇಡೀ ಕಾಲಮ್ಮನ್ನೇ ಬದಲಿಸಬೇಕೆನ್ನುವುದು ಲೋಭ. ಬಿರುಕುಬಿಟ್ಟ ಜಾಯಿಂಟಿಗೆ ವೆಲ್ಡಿಂಗ್ ಮಾಡಿಸಿ ಸಾಕೆನ್ನುವುದು ಪ್ರಮಾದ. ಬೆಸುಗೆ ಬಿಟ್ಟರೆ ಸ್ಟೀರಿಂಗ್ ತಿರುಗಿದರೂ ಗಾಲಿ ತಿರುಗದು.

ಮಿತವ್ಯಯ ಸದ್ಗುಣವೇ. ಆದರೆ ಉಳಿದ ಹಣ ಮಾಲೀಕನಿಗೆ, ಅಪಾಯ ದಾರಿಹೋಕನಿಗೆ ಎಂದಾದಾಗ ಅದು ಮಿತವ್ಯಯವಲ್ಲ. ಪರರ ಪ್ರಾಣವನ್ನು ಒತ್ತೆಯಿಟ್ಟು ಪಡೆದ ಸಾಲ. ಆ ದಾರಿಹೋಕನು ಒಪ್ಪಿಗೆ ಕೊಟ್ಟಿಲ್ಲ. ಅವನನ್ನು ಕೇಳಿದವರೂ ಇಲ್ಲ. ಆದುದರಿಂದ ತಕ್ಕ ಬಿಡಿಭಾಗ ದೊರೆಯುವವರೆಗೆ ಕಾರನ್ನು ನಿಲ್ಲಿಸುವುದೇ ವಿವೇಕ. ನೋಯಿಸುವ ಉದ್ದೇಶವಿರಲಿಲ್ಲವೆಂಬ ಮಾತು, ತಿಳಿದೂ ಅಲಕ್ಷಿಸಿದವನನ್ನು ದೋಷಮುಕ್ತನನ್ನಾಗಿ ಮಾಡಲಾರದು.