ಕಾರು ಹತ್ತದ ದೋಣಿ, ಸೈಕಲ್ಲಿನ ಕರಾವಳಿ

ತದಡಿಯ ಧಕ್ಕೆಯಿಂದ ಅಘನಾಶಿನಿ ಊರಿಗೆ ಹೊಳೆ ದಾಟಿಸುವ ದೋಣಿಗೆ ಕಾರು ಹತ್ತುವುದಿಲ್ಲ. ಜನ ಹತ್ತುತ್ತಾರೆ, ಮೀನಿನ ಬುಟ್ಟಿ ಹತ್ತುತ್ತದೆ, ಬೈಕು ಹತ್ತುತ್ತದೆ, ಸೈಕಲ್ಲನ್ನಂತೂ ಎತ್ತಿ ಇಟ್ಟರೆ ಮುಗಿಯಿತು. ಗೋಕರ್ಣದಿಂದ ಕುಮಟಾಕ್ಕೆ ಬರುವ ಕಾರಿನವರು ಮಾದನಗೇರಿಗೆ ಹೋಗಿ, ಹೆದ್ದಾರಿ ಹಿಡಿದು, ಮಿರ್ಜಾನದ ಮೇಲೆ ಹಾದು ಸುಮಾರು 30 ಕಿ.ಮೀ. ಸುತ್ತಬೇಕು. ದೋಣಿ ಇಳಿದ ಸೈಕಲ್ಲಿನವನಿಗೆ ಕಾಗಾಲ, ಬಾಡ, ಗುಡೇಅಂಗಡಿ ಎಂದು ಊರೊಳಗೇ ದಾರಿ. ಬಲಗಡೆ ತೆಂಗಿನ ಸಂದಿಯಲ್ಲಿ ಕಡಲು ಕಾಣುತ್ತದೆ, ಮರೆಯಾಗುತ್ತದೆ, ಮತ್ತೆ ಕಾಣುತ್ತದೆ. ಎದುರಿಗೆ ಬಂದ ಬಸ್ಸಿಗೆ ದಾರಿ ಬಿಡಲು ಸೈಕಲ್ ಇಳಿದು ಯಾರದೋ ದಣಪೆಯ ಬಳಿ ನಿಂತರೆ, ಒಳಗಿಂದ ‘ಯಾವೂರಾಯ್ತು?’ ಎಂಬ ಪ್ರಶ್ನೆ ಬರುವುದು ಖಂಡಿತ.

ಈ ದಾರಿ ಇಷ್ಟು ನಿರುಮ್ಮಳವಾಗಿ ಉಳಿದಿರುವುದಕ್ಕೆ ಯಾವ ಯೋಜನೆಯೂ ಕಾರಣವಲ್ಲ. ದೋಣಿ ಚಿಕ್ಕದು, ಅಷ್ಟೇ. ಆ ತುದಿಯಿಂದ ಈ ತುದಿಗೆ ಬಿರುಸಾಗಿ ಹಾದುಹೋಗಲು ಹೊಳೆಬಾಯಿ ಬಿಡುವುದಿಲ್ಲವಾದ್ದರಿಂದ ಇಲ್ಲಿಗೆ ಕೆಲಸವಿದ್ದವರಷ್ಟೇ ಬರುತ್ತಾರೆ. ಹಾಗೆಂದು ಇಲ್ಲಿ ಸೇತುವೆ ಬೇಕೆನ್ನುವವರನ್ನು ಜರೆಯುವುದು ನ್ಯಾಯವಲ್ಲ. ನಡುರಾತ್ರಿ ಎದೆನೋವು ಬಂದವರಿಗೆ ಕಡಲ ಚೆಲುವಿನಿಂದ ಆಗಬೇಕಾದ್ದೇನೂ ಇಲ್ಲ. ಕೇಳಬೇಕಾದ್ದು ಸೇತುವೆಯ ಅಗಲದ ಪ್ರಶ್ನೆ. ಆಂಬುಲೆನ್ಸಿಗೂ ಆಟೊಗೂ ಸಾಕಾಗುವ ಸೇತುವೆ ಬೇರೆ, ಟಿಪ್ಪರ್ ಸಾಲಿಗೆ ಬೇಕಾದ ಸೇತುವೆ ಬೇರೆ. ಎರಡನೆಯದು ಬಂದರೆ ಹಿಂದೆಯೇ ರಸ್ತೆ ಅಗಲೀಕರಣವೂ ಬರುತ್ತದೆ, ಆಗ ದಣಪೆಯೂ ಹೋಗುತ್ತದೆ, ಅಂಗಳವೂ ಹೋಗುತ್ತದೆ. ಸುಳ್ಯದ ಗಿರೀಶ್ ಭಾರದ್ವಾಜರು ನೂರಕ್ಕೂ ಹೆಚ್ಚು ತೂಗುಸೇತುವೆ ಕಟ್ಟಿದವರು, 2017ರಲ್ಲಿ ಪದ್ಮಶ್ರೀ ಪಡೆದವರು. ಜನ ದಾಟಬೇಕು ಎಂಬ ಅಗತ್ಯಕ್ಕೂ ಲಾರಿ ದಾಟಬೇಕು ಎಂಬ ಅಗತ್ಯಕ್ಕೂ ನಡುವೆ ಎಷ್ಟು ಅಂತರವಿದೆ ಎಂದು ಆ ಸೇತುವೆಗಳನ್ನು ನೋಡಿದರೆ ತಿಳಿಯುತ್ತದೆ. ಅಘನಾಶಿನಿಯ ಹೊಳೆಬಾಯಿಗೆ ತೂಗುಸೇತುವೆ ಸಾಲದು, ನಿಜ. ಲೆಕ್ಕ ಹಾಕುವ ರೀತಿಯನ್ನಾದರೂ ಅಲ್ಲಿಂದ ಕಲಿಯಬಹುದು.

ಆಲ್ಪ್ಸ್ ಕಣಿವೆಗಳಲ್ಲಿ ಸೈಕಲ್ ಪ್ರವಾಸ ಮುಗಿಸಿ ಬಂದವರ ಫೋಟೊಗಳು ಈಗ ನಮ್ಮ ಮನೆಮಂದಿಯ ವಾಟ್ಸ್ಆ್ಯಪ್ ಗುಂಪುಗಳಿಗೂ ಬರುತ್ತವೆ. ಮೋಟಾರು ವಾಹನವೇ ಇಲ್ಲದ ನುಣುಪು ದಾರಿ, ಆಚೀಚೆ ದ್ರಾಕ್ಷಿ ತೋಟ, ಹಿಂದೆ ಹಿಮದ ಬೆಟ್ಟ. ನೋಡಿದವರು ಅದಕ್ಕೆಲ್ಲ ತುಂಬ ದುಡ್ಡು ಬೇಕು ಮಾರಾಯರೇ ಎಂದು ನಿಟ್ಟುಸಿರು ಬಿಡುತ್ತಾರೆ. ಆದರೆ ಆ ದಾರಿಗಳಲ್ಲಿ ಎಷ್ಟೋ ಪಾಲು ಬಿಟ್ಟುಹೋದ ವಸ್ತುಗಳಿಂದ ಆದದ್ದು. ಆಸ್ಟ್ರಿಯದ ಸಾಲ್ಸ್‌ಬರ್ಗಿನಿಂದ ಇಟಲಿಯ ಕಡಲಂಚಿನ ಗ್ರಾದೊ ತನಕ ಸುಮಾರು 410 ಕಿ.ಮೀ. ಉದ್ದದ ಆಲ್ಪೆ ಆಡ್ರಿಯ ಸೈಕಲ್ ದಾರಿಯಿದೆ. ಹೊಸ ರೈಲು ಹಳಿ ಸುರಂಗದೊಳಗೆ ಹೋದ ಮೇಲೆ ಪಾಳುಬಿದ್ದಿದ್ದ ಹಳೆ ಹಳಿಯ ಜಾಡಿನಲ್ಲಿ, ಹಳೆಯ ಕಬ್ಬಿಣದ ಸೇತುವೆಗಳ ಮೇಲೆಯೇ ಅದು ಇಟಲಿಯ ಬೆಟ್ಟ ಇಳಿಯುತ್ತದೆ. ಬೊಲ್ಜಾನೊ ಪಟ್ಟಣದಿಂದ ಕಾಲ್ಟರ್ನ್ ಎಂಬ ದ್ರಾಕ್ಷಾರಸದ ಹಳ್ಳಿಗೆ ಹೋಗುವ ದಾರಿಯೂ 1898ರಲ್ಲಿ ಶುರುವಾಗಿ ಆಮೇಲೆ ಮುಚ್ಚಿಹೋದ ಒಂದು ಪುಟ್ಟ ರೈಲಿನದು. ಆಡಿಜೆ ನದಿಯ ಉದ್ದಕ್ಕೂ ಇರುವುದು ನೆರೆ ತಡೆಯಲು ಹಾಕಿದ ದಂಡೆ. ಸೇಬಿನ ತೋಟದವರ ಟ್ರ್ಯಾಕ್ಟರ್ ಈಗಲೂ ಆ ದಾರಿಗಳಲ್ಲಿ ಓಡಾಡುತ್ತದೆ, ಅದಕ್ಕೆ ಯಾರ ತಕರಾರೂ ಇಲ್ಲ. ಹಾದುಹೋಗುವ ಗಾಡಿಗಷ್ಟೇ ಅಲ್ಲಿ ನಿಷೇಧ, ಊರಿನ ಗಾಡಿಗಲ್ಲ.

ಕಾಗಾಲದ ದಾರಿಗೆ ದೋಣಿ ತಾನಾಗಿ ಮಾಡಿಕೊಟ್ಟದ್ದೂ ಇದನ್ನೇ.

ಭಟ್ಕಳದಿಂದ ಕುಮಟಾಕ್ಕೆ ಸುಮಾರು 60 ಕಿ.ಮೀ. ಮೊದಲು 17 ಎಂಬ ಸಂಖ್ಯೆಯಿದ್ದ ರಾಷ್ಟ್ರೀಯ ಹೆದ್ದಾರಿ ಈಗ 66 ಆಗಿ, ಚತುಷ್ಪಥವಾಗಿ, ನಡುವೆ ಎತ್ತರದ ವಿಭಜಕ ಹಾಕಿಸಿಕೊಂಡು ಮಲಗಿದೆ. ದೂರ ಹೋಗುವವರಿಗೆ ಅನುಕೂಲವಾಯಿತು, ಅದನ್ನು ಅಲ್ಲಗಳೆಯಲಾರೆ. ಆದರೆ ಸೈಕಲ್ ತುಳಿಯುವವನ ಮನೆ ರಸ್ತೆಯ ಆಚೆ ಬದಿಗಿದ್ದರೆ ಅವನು ತಿರುವು ಸಿಗುವವರೆಗೆ ದೂರ ಹೋಗಿ, ಮತ್ತೆ ಅಷ್ಟೇ ದೂರ ವಾಪಸು ಬರಬೇಕು. ಯಾರು ಹೋಗುತ್ತಾರೆ? ಎದುರು ದಿಕ್ಕಿನಲ್ಲೇ, ಬಿಳಿ ಗೆರೆಯಾಚೆಯ ಮಣ್ಣಿನಲ್ಲಿ, ಬರುವ ಲಾರಿಯ ಮುಖ ನೋಡುತ್ತ ತುಳಿಯುತ್ತಾರೆ. 2006-07ರಲ್ಲಿ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿದಾಗ ಈ ರಸ್ತೆಯಂಚಿನ ಹೈಸ್ಕೂಲುಗಳ ಅಂಗಳದಲ್ಲಿ ಒಂದೇ ಬಗೆಯ ಸೈಕಲ್ಲುಗಳು ಸಾಲಾಗಿ ನಿಂತಿದ್ದವು. ಕೋವಿಡ್ ಹೊತ್ತಿಗೆ ಕೊಡುವುದು ನಿಂತಿತು. ಅಷ್ಟರಲ್ಲಿ ಮಗಳನ್ನು ಹೆದ್ದಾರಿಯಲ್ಲಿ ಸೈಕಲ್ ಮೇಲೆ ಕಳಿಸುವ ಧೈರ್ಯವೂ ಅಪ್ಪ ಅಮ್ಮಂದಿರಿಗೆ ಉಳಿದಿರಲಿಲ್ಲ. ಸೈಕಲ್ ಮೇಲೆ ಮೀನಿನ ಪೆಟ್ಟಿಗೆ ಕಟ್ಟಿಕೊಂಡು ಪೋಂ ಪೋಂ ಎನ್ನುತ್ತ ಬರುತ್ತಿದ್ದವರು ಮೊಪೆಡ್ಡಿಗೆ ಬದಲಾಗಿ ಕಾಲವಾಯಿತು. ಈಗ ಹೆದ್ದಾರಿಯಲ್ಲಿ ಸೈಕಲ್ ಕಂಡರೆ ಹೆಲ್ಮೆಟ್ಟು, ಕಪ್ಪು ಚಡ್ಡಿ, ಹಿಂದೆ ಮಿಣುಕುವ ಕೆಂಪು ದೀಪ. ಗೋವಾದಿಂದಲೋ ಮುಂಬೈಯಿಂದಲೋ ಹೊರಟು ಕನ್ಯಾಕುಮಾರಿಯ ಕಡೆಗೆ ಸಾಗುವ ತಂಡ. ಅವರಿಗೆ ಭಟ್ಕಳವೆಂದರೆ ಒಂದು ಫ್ಲೆಕ್ಸು, ಒಂದು ಎಳನೀರು.

ರಸ್ತೆ ಅಗಲವಾಗುವಾಗ ತಿರುವು ನೇರ ಮಾಡಿದ ಕಡೆಗಳಲ್ಲಿ ಹಳೆ ರಸ್ತೆಯ ತುಂಡುಗಳು ಬಾಗಿಲಿಲ್ಲದ ಮನೆಗಳ ಹಾಗೆ ಉಳಿದುಕೊಂಡಿವೆ. ಡಾಂಬರು ಇನ್ನೂ ಇದೆ, ನೆರಳೂ ಇದೆ. ಲಾರಿ ನಿಲ್ಲುತ್ತದೆ, ಮರಳು ಸುರಿಯುತ್ತಾರೆ, ಕೋಳಿ ಅಂಗಡಿಯ ಚೀಲ ಬಂದು ಬೀಳುತ್ತದೆ. ಆಲ್ಪ್ಸಿನವರಾಗಿದ್ದರೆ ಎರಡು ತುದಿಗೆ ಎರಡು ಬಂಡೆ ಇಟ್ಟು, ಒಂದು ಫಲಕ ನೆಟ್ಟು, ಸೈಕಲ್ ದಾರಿ ಎಂದುಬಿಡುತ್ತಿದ್ದರು. ಈ ತುಂಡುಗಳನ್ನು ಊರೊಳಗಿನ ರಸ್ತೆಗಳಿಗೆ ಪೋಣಿಸಿದರೆ ಹೆದ್ದಾರಿಯ ಸಹವಾಸ ಅರ್ಧಕ್ಕರ್ಧ ತಪ್ಪುತ್ತದೆ. ಹಳೆ ಸೇತುವೆಗಳನ್ನೂ ಹೀಗೆ ಬಳಸಬಹುದಲ್ಲ ಎನ್ನುವವರಿದ್ದಾರೆ. ನನಗೆ ಅಷ್ಟು ಧೈರ್ಯವಿಲ್ಲ. 2024ರ ಆಗಸ್ಟ್ 7ರ ನಸುಕಿನಲ್ಲಿ ಕಾರವಾರದಲ್ಲಿ ಕಾಳಿ ನದಿಯ ಹಳೆ ಸೇತುವೆ ಕುಸಿದು ಲಾರಿಯೊಂದು ಹೊಳೆಗೆ ಬಿತ್ತು. ಸೈಕಲ್ಲಿನ ಭಾರ ಏನೂ ಅಲ್ಲ, ಸರಿ. ಸೇತುವೆಗೆ ತನ್ನದೇ ಭಾರವೂ ಇರುತ್ತದಲ್ಲ? ತಪಾಸಣೆ ಆಗದ ಹೊರತು ಅದರ ಗೊಡವೆ ಬೇಡ.

ದ್ರಾಕ್ಷಾರಸದ ಹಳ್ಳಿಗಳ ಮಾತಿಗೆ ಬರೋಣ. ಟ್ರಮಿನ್ ಎಂಬ ಹಳ್ಳಿ ತನ್ನ ಹೆಸರನ್ನೇ ಒಂದು ದ್ರಾಕ್ಷಿ ತಳಿಗೆ ಕೊಟ್ಟಿದೆ, ಸೈಕಲ್ಲಿನವರು ಅಲ್ಲಿ ಇಳಿದು ಒಂದು ಲೋಟ ಕುಡಿದೇ ಮುಂದೆ ಹೋಗುತ್ತಾರೆ. ನಮ್ಮಲ್ಲಿ ಊರಿನ ಹೆಸರು ಈರುಳ್ಳಿಗೆ ಬಿದ್ದಿದೆ. ಕುಮಟಾದ ಅಳ್ವೆಕೋಡಿ, ವನ್ನಳ್ಳಿ ಸುತ್ತಿನ ಮರಳು ಮಣ್ಣಿನಲ್ಲಿ ಬೆಳೆಯುವ ಸಿಹಿ ಈರುಳ್ಳಿ ಬೇಸಿಗೆಯ ಹೊತ್ತಿಗೆ ರಸ್ತೆ ಬದಿಗೆ ಬರುತ್ತದೆ. ಒಣಗಿದ ಸೊಪ್ಪಿನ ಸಮೇತ ಜಡೆಯಂತೆ ಹೆಣೆದ ಗೊಂಚಲುಗಳನ್ನು ಗಳಕ್ಕೆ ತೂಗುಹಾಕಿ ಕೆಳಗೆ ಹೆಂಗಸರು ಕೂತಿರುತ್ತಾರೆ. ತೆಳು ಗುಲಾಬಿ ಸಿಪ್ಪೆ, ಹೆಚ್ಚಿದರೆ ಕಣ್ಣಲ್ಲಿ ನೀರು ಬರುವುದು ಕಡಿಮೆ, ಗಂಜಿಯ ಜೊತೆ ಹಸಿಯಾಗಿಯೇ ಕಚ್ಚಬಹುದು. ಎಂಬತ್ತರ ವೇಗದಲ್ಲಿ ಬಂದ ಕಾರಿನವರಿಗೆ ಗೊಂಚಲು ಕಾಣುವಷ್ಟರಲ್ಲಿ ಅಂಗಡಿ ಹಿಂದಾಗಿರುತ್ತದೆ. ಬ್ರೇಕು ಒತ್ತಿದರೆ ಹಿಂದಿನವನು ಬೈಯುತ್ತಾನೆ. ಸೈಕಲ್ಲಿನವನು ನಿಲ್ಲುತ್ತಾನೆ, ದರ ಕೇಳುತ್ತಾನೆ, ಚೌಕಾಸಿ ಮಾಡುತ್ತಾನೆ, ಹ್ಯಾಂಡಲಿಗೆ ಒಂದು ಗೊಂಚಲು ಕಟ್ಟಿಕೊಳ್ಳುತ್ತಾನೆ. ವೇಗವಾಗಿ ಹೋಗುವವರಿಂದ ರಸ್ತೆಬದಿಯ ಊರಿಗೆ ಟೋಲ್ ಹಣವೂ ದಕ್ಕುವುದಿಲ್ಲ. ನಿಧಾನ ಹೋಗುವವರಿಂದ ಊಟದ ದುಡ್ಡಾದರೂ ಸಿಗುತ್ತದೆ. ಮಿರ್ಜಾನದ ಕೆಳಗೆ, ಮಾಣಿಕಟ್ಟಾದ ಗಜನಿ ಗದ್ದೆಗಳಲ್ಲಿ ಉಪ್ಪುನೀರು ತಡೆದು ಬೆಳೆಯುವ ಕಗ್ಗ ಭತ್ತದ ಅನ್ನ ಅಂಥ ಊಟದಲ್ಲಿ ಬಡಿಸುವಂಥದ್ದು. ಅಘನಾಶಿನಿಯ ಈ ಅಳಿವೆ 2024ರ ಜನವರಿಯಲ್ಲಿ ಜೌಗುನೆಲಗಳ ರಾಮ್ಸರ್ ಪಟ್ಟಿಗೆ ಸೇರಿದೆ. ಗಜನಿಯ ಕಟ್ಟೆಯ ಮೇಲೆ ಸೈಕಲ್ ಉರುಳುತ್ತದೆ. ಆಡಿಜೆಯ ದಂಡೆಗೂ ಇದಕ್ಕೂ ಇರುವ ವ್ಯತ್ಯಾಸವೆಂದರೆ ಒಂದು ಪದರ ಜಲ್ಲಿ.

ಹೊನ್ನಾವರಕ್ಕೆ ಬಂದರೆ ನನ್ನ ಉಮೇದು ಸ್ವಲ್ಪ ಇಳಿಯುತ್ತದೆ. ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ 1623ರಲ್ಲಿ ಪೋರ್ಚುಗೀಸ್ ರಾಯಭಾರಿಯ ಜೊತೆ ಇಕ್ಕೇರಿಗೆ ಹೊರಟವನು ಇಲ್ಲಿಂದ ಗೇರುಸೊಪ್ಪೆಗೆ ಶರಾವತಿಯಲ್ಲಿ ದೋಣಿಯಲ್ಲಿ ಹೋದ. ತಾನು ಕಂಡ ಅತಿ ಚೆಲುವಿನ ನದಿಗಳಲ್ಲಿ ಇದೊಂದು ಎಂದು ಅವನಿಗೆ ಅನ್ನಿಸಿತ್ತು. ಜೋಗಕ್ಕೆ ಹೋಗುವವರೂ ಬಹುಕಾಲ ಹೀಗೆಯೇ ನೀರಿನ ಮೇಲೆ ಗೇರುಸೊಪ್ಪೆ ತಲುಪಿ ಆಮೇಲೆ ಘಟ್ಟ ಹತ್ತುತ್ತಿದ್ದರು. ಅಡಿಕೆ ತೋಟ, ವೀಳ್ಯದೆಲೆ ಬಳ್ಳಿ, ತೆಂಗು ತೀರದುದ್ದಕ್ಕೂ ಇಂದಿಗೂ ಇವೆ. ಆದರೆ ಗೇರುಸೊಪ್ಪೆಯ ದಾರಿ ಈಗ ರಾಷ್ಟ್ರೀಯ ಹೆದ್ದಾರಿ 69. ಬೆಂಗಳೂರು ಬಸ್ಸು, ಟ್ಯಾಂಕರು, ತಿರುವಿನಲ್ಲಿ ಹಾರ್ನು. ಅಲ್ಲಿ ಹಗಲು ಸೈಕಲ್ ತುಳಿಯಿರಿ ಎಂದು ಯಾರಿಗೂ ಹೇಳಲಾರೆ. ಅದರ ಬದಲು ಶರಾವತಿ ದಾಟಿ ಕಾಸರಕೋಡು, ಅಪ್ಸರಕೊಂಡದ ಕಡೆ ತಿರುಗಬಹುದು. ಕಾಸರಕೋಡಿನ ಕಡಲತೀರಕ್ಕೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ಅಲ್ಲಿಂದ ಅಪ್ಸರಕೊಂಡದ ಏರು ಕಂಡಾಗ ಗೇರ್ ಇಲ್ಲದ ಸೈಕಲ್ಲಿನವರು ಇಳಿದು ತಳ್ಳಬೇಕು, ನಾಚಿಕೆಯೇನೂ ಬೇಡ. ಆಮೇಲೆ ಯಕ್ಷಗಾನದ ಕೆರೆಮನೆಯವರ ಗುಣವಂತೆ, ಮಂಕಿ, ಮುರುಡೇಶ್ವರ, ಚಿತ್ರಾಪುರ ಮಠದ ಶಿರಾಲಿ. ಕೆಲವೆಡೆ ಒಳರಸ್ತೆ ಇದೆ, ಕೆಲವೆಡೆ ಹೊಳೆ ಅಡ್ಡ ಬಂದು ಹೆದ್ದಾರಿಗೇ ಬರಬೇಕು. ಸೇತುವೆ ಇರುವಲ್ಲಿ ಸೈಕಲ್ಲಿಗೆ ಬೇರೆ ಗತಿಯಿಲ್ಲ, ಶರಾವತಿಯಲ್ಲೂ ಇಲ್ಲ. ಹಣ ಖರ್ಚು ಮಾಡಲೇಬೇಕೆಂದಿದ್ದರೆ ಮೊದಲು ಈ ಸೇತುವೆಗಳ ಅಂಚಿಗೆ ಒಂದು ಮೊಳ ಜಾಗ ಬೇಲಿ ಹಾಕಿ ಕೊಡಲಿ.

ಕರಾವಳಿಯ ಸೈಕಲ್ಲಿಗೆ ಬೆಟ್ಟಕ್ಕಿಂತ ದೊಡ್ಡ ವಿಷಯ ಗಾಳಿ. ದೀಪಾವಳಿ ಕಳೆದ ಮೇಲೆ ಇಲ್ಲಿ ಬೆಳಿಗ್ಗೆ ಘಟ್ಟದ ಕಡೆಯಿಂದ ತಣ್ಣಗೆ ಬೀಸುವ ಗಾಳಿ, ಮಧ್ಯಾಹ್ನವಾಗುತ್ತಲೇ ದಿಕ್ಕು ಬದಲಿಸಿ ವಾಯವ್ಯದಿಂದ ಕಡಲಗಾಳಿಯಾಗಿ ಬರುತ್ತದೆ. ಭಟ್ಕಳದಿಂದ ಕುಮಟಾಕ್ಕೆ ಮಧ್ಯಾಹ್ನ ತುಳಿಯುವವನ ಮುಖಕ್ಕೇ ಅದು ಹೊಡೆಯುತ್ತದೆ. ಆಡಿಜೆ ಕಣಿವೆಯಲ್ಲೂ ಇದೇ ಕಾಟ. ಅಲ್ಲಿ ಓರಾ ಎಂಬ ಗಾಳಿ ಮಧ್ಯಾಹ್ನ ಗಾರ್ಡಾ ಸರೋವರದ ಕಡೆಯಿಂದ ಮೇಲಕ್ಕೆ ನುಗ್ಗಿ, ಇಳಿಜಾರಿನಲ್ಲೂ ಪೆಡಲು ತುಳಿಸುತ್ತದೆ. ಅದೇ ನದಿಯ ಮೇಲ್ಕಣಿವೆಯವರು ಒಂದು ಜಾಣತನ ಮಾಡಿದ್ದಾರೆ. ಮೆರಾನೊದಿಂದ ಮಾಲ್ಸ್‌ಗೆ ಹೋಗುವ, ಮುಚ್ಚಿದ್ದ ರೈಲನ್ನು 2005ರಲ್ಲಿ ಮತ್ತೆ ಓಡಿಸಿದರು. ಜನ ರೈಲಿನಲ್ಲಿ ಮೇಲೆ ಹೋಗುತ್ತಾರೆ, ನಿಲ್ದಾಣದಲ್ಲೇ ಸೈಕಲ್ ಬಾಡಿಗೆಗೆ ಪಡೆದು ಇಳಿಜಾರಿನಲ್ಲಿ ಬರುತ್ತಾರೆ.

ನಮ್ಮಲ್ಲಿ ಇಳಿಜಾರಿನ ಕೆಲಸವನ್ನು ಗಾಳಿ ಮಾಡಬಲ್ಲದು, ರೈಲಂತೂ ಇದ್ದೇ ಇದೆ. 1998ರ ಜನವರಿ 26ರಿಂದ ಪೂರ್ತಿ ಓಡುತ್ತಿರುವ ಕೊಂಕಣ ರೈಲು ಹೊನ್ನಾವರದಲ್ಲಿ ಎರಡು ಕಿ.ಮೀ.ಗೂ ಉದ್ದದ ಸೇತುವೆಯ ಮೇಲೆ ಶರಾವತಿಯನ್ನು ದಾಟುತ್ತದೆ, ಆ ಮಾರ್ಗದ ಅತಿ ಉದ್ದದ ಸೇತುವೆ ಅದು. 1999ರಿಂದ ಇದೇ ಹಳಿಯ ಮೇಲೆ ರೋರೋ ಗಾಡಿಯಲ್ಲಿ ತುಂಬಿದ ಲಾರಿಗಳು ಚಾಲಕನ ಸಮೇತ ಸವಾರಿ ಹೋಗುತ್ತವೆ. ಸುರತ್ಕಲ್ಲಿನ ದಾರಿಯಲ್ಲಿ ಕುಮಟಾ, ಹೊನ್ನಾವರ, ಭಟ್ಕಳಗಳ ಮುಂದೆಯೇ ಹಾದುಹೋಗುವ ಆ ಲಾರಿ ಸಾಲನ್ನು ನೋಡುವುದು ಒಂದು ಮಜಾ. ಲಾರಿ ಹತ್ತುವ ಹಳಿಗೆ ಸೈಕಲ್ ಹತ್ತಿಸುವುದು ಮಾತ್ರ ಪಜೀತಿ. ಲಗೇಜ್ ಎಂದು ಬುಕ್ ಮಾಡಬೇಕು, ಚೀಟಿ ಕಟ್ಟಿಸಬೇಕು, ಎರಡು ನಿಮಿಷ ನಿಲ್ಲುವ ಗಾಡಿಯ ತುದಿಯ ಬ್ರೇಕ್ ವ್ಯಾನ್ ಹುಡುಕಿ ಓಡಬೇಕು. ಮಡಗಾಂವ್–ಮಂಗಳೂರು ನಡುವೆ ಸಣ್ಣ ನಿಲ್ದಾಣಗಳಲ್ಲೂ ನಿಲ್ಲುವ ಪ್ಯಾಸೆಂಜರ್ ಗಾಡಿಯ ಒಂದು ಬೋಗಿಯಲ್ಲಿ ನಾಲ್ಕು ಸೀಟು ತೆಗೆದು ಗೋಡೆಗೆ ಹತ್ತು ಕೊಕ್ಕೆ ಹೊಡೆದರೆ ಸಾಕು. ಭಟ್ಕಳದವನು ಗಾಡಿ ಹತ್ತಿ ಕುಮಟಾದಲ್ಲಿ ಇಳಿದು, ಊಟ ಮುಗಿಸಿ, ಮೂರು ಗಂಟೆಯ ಬಿಸಿಲು ಇಳಿದ ಮೇಲೆ ಗಾಳಿಗೆ ಬೆನ್ನು ಕೊಟ್ಟು ಧಾರೇಶ್ವರ, ಹಳದೀಪುರದ ಕಡೆ ಹೊರಡಬಹುದು. ಆ ದಿನವೇ ಮನೆ ಮುಟ್ಟಲಾಗದಿದ್ದರೆ ಹೊನ್ನಾವರದಲ್ಲೋ ಮುರುಡೇಶ್ವರದಲ್ಲೋ ಉಳಿಯಲಿ, ಅಲ್ಲಿಯ ಲಾಡ್ಜಿನವರಿಗೂ ವ್ಯಾಪಾರವಾಗಲಿ.