ಪಂಜರದ ಹಕ್ಕಿಯ ಮೊಟ್ಟೆಗೆ ಹೊಣೆ ಯಾರು?

"ಉಸ್ತಾದ್, ನಮ್ಮ ಮನೆಯಲ್ಲಿ ಎರಡು ಲವ್ ಬರ್ಡ್ಸ್ ಇದ್ದವು. ಈಗ ಹನ್ನೊಂದಾಗಿವೆ. ಇನ್ನೂ ಮೊಟ್ಟೆಯಿಡುತ್ತಲೇ ಇವೆ. ಮೊಟ್ಟೆ ಬಿಸಾಡು ಎಂದು ಉಮ್ಮ ಹೇಳುತ್ತಾರೆ. ಬಿಸಾಡಿದರೆ ಗುನಾಹ್ ಎಂದು ಅಜ್ಜಿ ಹೇಳುತ್ತಾರೆ. ನಾನೇನು ಮಾಡಲಿ?"

ತರಗತಿ ಮುಗಿದ ಮೇಲೆ ಹಿಂದೆ ಉಳಿದ ಹುಡುಗನೊಬ್ಬ ಹೀಗೆ ಕೇಳಿದಾಗ, ನಾಳೆ ಹೇಳುತ್ತೇನೆಂದು ನಾನು ಜಾರಿಕೊಂಡೆ. ಉತ್ತರಿಸಬೇಕಾದರೆ ನನ್ನ ಮನೆಯ ಪಂಜರದಲ್ಲಿ ನಡೆದುದನ್ನು ಮೊದಲು ಒಪ್ಪಿಕೊಳ್ಳಬೇಕಾಗಿತ್ತು. ಪ್ರಿಯ ಓದುಗರೇ, ಆ ಒಪ್ಪಿಗೆಯೊಂದಿಗೇ ಈ ಬರಹವನ್ನು ಆರಂಭಿಸುತ್ತೇನೆ.

ಒಂದು ಈದ್‌ನ ಸಂದರ್ಭದಲ್ಲಿ ಮಗಳ ಹಟಕ್ಕೆ ಮಣಿದು ಒಂದು ಜೋಡಿ ಹಕ್ಕಿಗಳನ್ನು ತಂದೆ. ಅಂಗಡಿಯವರು ಪಂಜರದೊಂದಿಗೆ ಒಂದು ಪುಟ್ಟ ಮಣ್ಣಿನ ಮಡಕೆಯನ್ನೂ ಕೊಟ್ಟರು. ಮೊದಲ ಮರಿಗಳು ಹೊರಬಂದಾಗ ಮನೆಯಲ್ಲಿ ಹಬ್ಬವೋ ಹಬ್ಬ. ಎರಡನೆಯ ಬಾರಿ ಸಂಬಂಧಿಕರಿಗೆ ಹಂಚಿದೆವು. ಮೂರನೆಯ ಬಾರಿ ಬೇಕೆನ್ನುವವರು ಸಿಗಲಿಲ್ಲ. ಆಮೇಲೆ ನಾನು ಮೊಟ್ಟೆ ಕಂಡೊಡನೆ ತೆಗೆದು ಹಿತ್ತಲಿಗೆ ಎಸೆಯತೊಡಗಿದೆ. ಎಸೆದಷ್ಟೂ ಹಕ್ಕಿ ಇಟ್ಟಿತು. ಒಂದು ಬೆಳಗ್ಗೆ ಅದು ಗರಿ ಉಬ್ಬಿಸಿಕೊಂಡು ಪಂಜರದ ತಳದಲ್ಲಿ ಕೂತಿತ್ತು. ಚಳಿಯಿರಬೇಕೆಂದು ತಿಳಿದು ನಾನು ಕೆಲಸಕ್ಕೆ ಹೊರಟೆ. ಮರಳಿ ಬರುವಾಗ ಅದು ಸತ್ತಿತ್ತು. ಮೊಟ್ಟೆಯೊಂದು ಹೊರಬರಲಾರದೆ ಹೊಟ್ಟೆಯಲ್ಲೇ ಸಿಕ್ಕಿಕೊಂಡಿತ್ತೆಂದು ಪಶುವೈದ್ಯರಿಂದ ತಿಳಿಯಿತು. "ಅಬ್ಬಾ, ಅದರ ಮೊಟ್ಟೆಗಳನ್ನೆಲ್ಲ ಎಸೆದದ್ದು ನಾವೇ ತಾನೇ?" ಎಂದು ಮಗಳು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ.

ಈ ಹಕ್ಕಿ ಯಾವುದೆಂದು ತಿಳಿದುಕೊಂಡರೆ ಉತ್ತರದ ದಾರಿಯೂ ತೆರೆದುಕೊಳ್ಳುತ್ತದೆ. ನಮ್ಮ ಊರುಗಳಲ್ಲಿ ಲವ್ ಬರ್ಡ್ಸ್ ಎಂದು ಮಾರಲ್ಪಡುವ ಹಸಿರು, ಹಳದಿ, ನೀಲಿ ಬಣ್ಣದ ಪುಟ್ಟ ಗಿಣಿಗಳ ನಿಜವಾದ ಹೆಸರು ಬಡ್ಜೆರಿಗರ್. ಸಾಕುವವರು ಬಡ್ಜಿ ಎನ್ನುತ್ತಾರೆ. ನಿಜವಾದ ಲವ್ ಬರ್ಡ್ ಆಫ್ರಿಕಾ ಮೂಲದ ಬೇರೆಯೇ ಹಕ್ಕಿ. ಬಡ್ಜಿಯ ತವರು ಆಸ್ಟ್ರೇಲಿಯಾದ ಒಳನಾಡಿನ ಒಣ ಬಯಲು. 1840ರಲ್ಲಿ ಜಾನ್ ಗೌಲ್ಡ್ ಎಂಬ ಪಕ್ಷಿತಜ್ಞರು ಜೀವಂತ ಬಡ್ಜಿಗಳನ್ನು ಇಂಗ್ಲೆಂಡಿಗೆ ಕೊಂಡೊಯ್ದರು. ಆ ಬಳಿಕ ಪಂಜರಗಳಲ್ಲೇ ತಲೆಮಾರುಗಳು ಬೆಳೆದು ಇಂದು ನಮ್ಮ ವರಾಂಡಗಳನ್ನೂ ತಲುಪಿವೆ.

ತವರಿನಲ್ಲಿ ಈ ಹಕ್ಕಿ ಮನಬಂದಾಗ ಮೊಟ್ಟೆಯಿಡುವುದಿಲ್ಲ. ಆ ಬಯಲಿನಲ್ಲಿ ಮಳೆ ಯಾವಾಗ ಬರುತ್ತದೆಂದು ಹೇಳಲಾಗದು. ಮಳೆ ಬಂದು ಹುಲ್ಲು ಬೆಳೆದು ಬೀಜ ಕಟ್ಟಿದಾಗ ಹಿಂಡುಗಳು ಅಲ್ಲಿಗೆ ಬಂದಿಳಿಯುತ್ತವೆ. ಮರದ ಪೊಟರೆ ಹುಡುಕಿ ಒಂದರ ಹಿಂದೆ ಒಂದರಂತೆ ಮರಿ ಮಾಡುತ್ತವೆ. ನೆಲ ಒಣಗಿದೊಡನೆ ಅದೆಲ್ಲವೂ ನಿಂತುಹೋಗುತ್ತದೆ, ಹಿಂಡು ನೀರು ಹುಡುಕಿ ಹಾರುತ್ತದೆ. ಸೃಷ್ಟಿಕರ್ತನು ಅದಕ್ಕೆ ವಂಶ ಬೆಳೆಸುವ ಆತುರವನ್ನೂ ಕೊಟ್ಟಿದ್ದಾನೆ, ಆ ಆತುರಕ್ಕೆ ಬರಗಾಲವೆಂಬ ಕಡಿವಾಣವನ್ನೂ ಹಾಕಿದ್ದಾನೆ.

ಈಗ ನಮ್ಮ ಪಂಜರವನ್ನು ನೋಡಿರಿ. ಬಟ್ಟಲು ತುಂಬ ನವಣೆ. ಅದು ಮುಗಿಯುವುದೇ ಇಲ್ಲ. ನೀರಿಗೆ ಬರವಿಲ್ಲ. ರಾತ್ರಿ ಹನ್ನೊಂದರವರೆಗೆ ವಿದ್ಯುದ್ದೀಪ. ಪೊಟರೆಯ ಬದಲಿಗೆ ತೂಗುಹಾಕಿದ ಮಡಕೆ. ಪಕ್ಕದಲ್ಲೇ ಜೋಡಿ. ಪಾಪ, ಆ ಹಕ್ಕಿ ಇವನ್ನೆಲ್ಲ ನೋಡಿ ಮಳೆಗಾಲ ಬಂದಿದೆಯೆಂದೇ ತಿಳಿಯುತ್ತದೆ. ವರ್ಷದ ಹನ್ನೆರಡು ತಿಂಗಳೂ ಅದಕ್ಕೆ ಮಳೆಗಾಲವೇ. ಒಂದು ದಿನ ಬಿಟ್ಟು ಒಂದು ದಿನದಂತೆ ನಾಲ್ಕರಿಂದ ಆರು ಮೊಟ್ಟೆ, ಸುಮಾರು 18 ದಿನ ಕಾವು, ಐದು ವಾರಗಳಲ್ಲಿ ಮರಿಗಳು ಹೊರಗೆ. ಕೆಲವೊಮ್ಮೆ ಅವು ಹೊರಬರುವ ಮುನ್ನವೇ ಮುಂದಿನ ಮೊಟ್ಟೆ. ಹಕ್ಕಿಯ ತೂಕ 30ರಿಂದ 40 ಗ್ರಾಂ, ಅದರ ಮೊಟ್ಟೆಯ ತೂಕ ಸುಮಾರು 2 ಗ್ರಾಂ. ಐದು ಮೊಟ್ಟೆಯೆಂದರೆ ತನ್ನ ದೇಹದ ತೂಕದ ಕಾಲು ಭಾಗ ಅಥವಾ ಅದಕ್ಕಿಂತ ಹೆಚ್ಚು! ಚಿಪ್ಪಿಗೆ ಬೇಕಾದ ಸುಣ್ಣದ ಅಂಶ ಆಹಾರದಲ್ಲಿ ಸಾಲದಿದ್ದರೆ ದೇಹವು ಅದನ್ನು ಎಲುಬಿನಿಂದ ತೆಗೆಯುತ್ತದೆ. ಕೊನೆಗೆ ಮೊಟ್ಟೆಯನ್ನು ಹೊರದೂಡುವ ಶಕ್ತಿಯೂ ಉಳಿಯುವುದಿಲ್ಲ. ನನ್ನ ಮನೆಯಲ್ಲಿ ನಡೆದುದು ಇದೇ.

ಅಂದ ಮೇಲೆ, "ಅದು ಅದರ ಪ್ರಕೃತಿ, ನಾವೇಕೆ ತಡೆಯಬೇಕು?" ಎಂಬ ಮಾತಿನಲ್ಲಿ ಎಷ್ಟು ಸತ್ಯವಿದೆ? ಆತುರವೇನೋ ಪ್ರಕೃತಿಯದ್ದೇ. ಆದರೆ ಕಡಿವಾಣವನ್ನು ಕಿತ್ತವರು ನಾವು. ಪಂಜರದ ಬೀಗ ನಮ್ಮ ಕೈಯಲ್ಲಿರುವಾಗ ಆ ಮಿತಿಯನ್ನು ಮರಳಿ ಹಾಕಿಕೊಡುವ ಹೊಣೆಯೂ ನಮ್ಮದೇ.

"ಎಲ್ಲ ಜೀವಿಗಳಿಗೂ ಅನ್ನ ಕೊಡುವವನು ಅಲ್ಲಾಹನು, ಮರಿಗಳು ಹೆಚ್ಚಿದರೆ ಚಿಂತೆಯೇಕೆ?" ಎಂದು ಇನ್ನು ಕೆಲವರು ಕೇಳಬಹುದು. ಅನ್ನ ಕೊಡುವವನು ಅವನೇ, ಸಂಶಯವಿಲ್ಲ. ತವಕ್ಕುಲ್‌ಗೆ ಪ್ರವಾದಿ(ಸ)ರು ಹಕ್ಕಿಯನ್ನೇ ಉದಾಹರಣೆಯಾಗಿ ಕೊಟ್ಟಿದ್ದಾರೆ. ಅದು ಬೆಳಗ್ಗೆ ಬರಿಹೊಟ್ಟೆಯಲ್ಲಿ ಗೂಡು ಬಿಟ್ಟು ಸಂಜೆ ಹೊಟ್ಟೆ ತುಂಬಿಸಿಕೊಂಡು ಮರಳುತ್ತದೆ. ಆದರೆ ಆ ಹಕ್ಕಿ ಗೂಡು ಬಿಟ್ಟು ಹೊರಡುತ್ತದೆ ಎಂಬುದನ್ನು ಗಮನಿಸಿದಿರಾ? ನಮ್ಮ ಹಕ್ಕಿ ಹೊರಡಲಾರದು. ಬಾಗಿಲು ಮುಚ್ಚಿದವರು ನಾವು. ಅದರ ಅನ್ನ ನಮ್ಮ ಕೈಯ ಮೂಲಕವೇ ತಲುಪಬೇಕು. ಆ ಕೈ ಎಷ್ಟನ್ನು ಸಲಹಬಲ್ಲುದು ಎಂದು ಲೆಕ್ಕ ಹಾಕುವುದು ಅವಿಶ್ವಾಸವಾಗದು, ಅಮಾನತ್ತಿನ ಪಾಲನೆಯಾಗುತ್ತದೆ. ಮನುಷ್ಯರ ಸಂತಾನದ ಪ್ರಶ್ನೆಗೆ ಈ ಮಾತನ್ನು ಎಳೆಯಬೇಡಿರಿ. ಅದು ಬೇರೆಯೇ ವಿಷಯ, ಅದರ ವಿಧಿಗಳೂ ಬೇರೆ.

ಹಕ್ಕಿ ಸಾಕುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ಅನಸ್(ರ)ರ ಪುಟ್ಟ ತಮ್ಮ ಅಬೂ ಉಮೈರ್‌ನ ಬಳಿ ಆಟಕ್ಕೊಂದು ಹಕ್ಕಿಯಿತ್ತು. ಅದು ಸತ್ತಾಗ ಪ್ರವಾದಿ(ಸ)ರು ಆ ಮಗುವನ್ನು ಮಾತನಾಡಿಸಿ ಸಂತೈಸಿದರು. ಹಕ್ಕಿ ಸಾಕಲು ಅನುಮತಿಯಿದೆಯೆಂಬುದಕ್ಕೆ ವಿದ್ವಾಂಸರು ಇದನ್ನು ಆಧಾರವಾಗಿ ತೆಗೆದುಕೊಂಡಿದ್ದಾರೆ. ಆದರೆ ಆ ಅನುಮತಿಗೆ ಹೊಣೆಯೂ ಅಂಟಿಕೊಂಡಿದೆ. ಬೆಕ್ಕನ್ನು ಕಟ್ಟಿಹಾಕಿ, ತಾನೂ ಮೇವು ಕೊಡದೆ, ಹುಡುಕಿ ತಿನ್ನಲೂ ಬಿಡದೆ ಕೊಂದ ಹೆಂಗಸಿನ ಹದೀಸ್ ನಮಗೆಲ್ಲ ಗೊತ್ತು. ಮಾಲಕನು ಹಸಿವಿನಲ್ಲಿಟ್ಟು ಅತಿಯಾಗಿ ದುಡಿಸುತ್ತಾನೆಂದು ಒಂದು ಒಂಟೆಯು ಪ್ರವಾದಿ(ಸ)ರಲ್ಲಿ ದೂರಿಕೊಂಡ ಘಟನೆ ಅಬೂದಾವೂದ್‌ನಲ್ಲಿದೆ. ಒಂಟೆಯ ಬೆನ್ನಿಗೆ ಹೊರೆ ಹೇಗೋ, ಈ ಹಕ್ಕಿಗೆ ಮೊಟ್ಟೆಯ ಮೇಲೆ ಮೊಟ್ಟೆ ಹಾಗೆ.

ಮೊಟ್ಟೆಯ ಬಗ್ಗೆಯೇ ಒಂದು ವರದಿ ಇಮಾಮ್ ಬುಖಾರಿಯವರ ಅಲ್ ಅದಬುಲ್ ಮುಫ್ರದ್‌ನಲ್ಲಿದೆ. ಪ್ರಯಾಣದಲ್ಲಿ ತಂಗಿದ್ದಾಗ ಒಬ್ಬರು ಹಕ್ಕಿಯೊಂದರ ಮೊಟ್ಟೆ ಎತ್ತಿಕೊಂಡರು. ಆ ಹಕ್ಕಿ ಬಂದು ಪ್ರವಾದಿ(ಸ)ರ ತಲೆಯ ಮೇಲೆ ರೆಕ್ಕೆ ಬಡಿಯತೊಡಗಿತು. ಯಾರು ಇದನ್ನು ನೋಯಿಸಿದವರೆಂದು ಅವರು ವಿಚಾರಿಸಿ, ಅದರ ಮೇಲಿನ ಕರುಣೆಯಿಂದ ಮೊಟ್ಟೆಯನ್ನು ಮರಳಿ ಇಡಿಸಿದರು. ಇಲ್ಲಿ ತಾಯಿಹಕ್ಕಿಯ ನೋವಿಗೆ ಬೆಲೆ ಕೊಡಲಾಗಿದೆ. ನಾನು ಹಿತ್ತಲಿಗೆ ಎಸೆಯುವಾಗ ಮೊಟ್ಟೆಯ ಲೆಕ್ಕವನ್ನಷ್ಟೇ ನೋಡಿದ್ದೆ, ತಾಯಿಯನ್ನು ನೋಡಿರಲಿಲ್ಲ.

ಶಾಫಿಈ ಕರ್ಮಶಾಸ್ತ್ರದಲ್ಲಿ, ಇಮಾಮ್ ನವವಿಯವರ ಮಿನ್ಹಾಜ್‌ನಲ್ಲಿ, ಹೆಂಡತಿ ಮಕ್ಕಳ ಜೀವನಾಂಶದ ಅಧ್ಯಾಯದಲ್ಲೇ ಸಾಕುಪ್ರಾಣಿಗಳ ಮೇವು ನೀರಿನ ಹೊಣೆಯನ್ನೂ ಹೇಳಲಾಗಿದೆ. ಕರುವಿಗೆ ತೊಂದರೆಯಾಗುವಷ್ಟು ಹಾಲು ಕರೆಯಬಾರದೆಂಬ ಎಚ್ಚರಿಕೆಯೂ ಅಲ್ಲಿದೆ. ಪ್ರಾಣಿಯ ದೇಹದಿಂದ ಎಷ್ಟನ್ನು ಪಡೆಯಬಹುದು ಎಂಬುದಕ್ಕೆ ಮಿತಿಯಿದೆ ಎಂದರ್ಥ.

ಹಾಗಾದರೆ ಮಿತಿ ಹಾಕುವುದು ಹೇಗೆ? ಮೊಟ್ಟೆ ಬರುವ ಮುನ್ನವೇ ಹಾಕಬೇಕು. ಮೊಟ್ಟೆ, ಮರಿ ಇಲ್ಲದ ಸಮಯ ನೋಡಿ ಮಡಕೆಯನ್ನು ತೆಗೆದುಬಿಡಿರಿ. ಪೊಟರೆಯಂತೆ ಕಾಣುವ ತೆಂಗಿನ ಚಿಪ್ಪು, ರಟ್ಟಿನ ಪೆಟ್ಟಿಗೆ, ಹರಿದು ಚೂರು ಮಾಡಬಹುದಾದ ಕಾಗದ, ಕನ್ನಡಿ ಯಾವುದೂ ಬೇಡ. ಮಗ್ರಿಬ್ ಆದೊಡನೆ ಪಂಜರವನ್ನು ಸದ್ದಿಲ್ಲದ ಕತ್ತಲೆಯ ಮೂಲೆಗೆ ಸರಿಸಿ, ಗಾಳಿಯಾಡುವ ಬಟ್ಟೆ ಹೊದಿಸಿರಿ. ಸೂರ್ಯೋದಯದವರೆಗೆ ಸುಮಾರು ಹನ್ನೆರಡು ಗಂಟೆಗಳ ಕತ್ತಲೆ ಸಿಗುತ್ತದೆ. ಬೇಯಿಸಿದ ಮೊಟ್ಟೆ, ನೆನೆಸಿ ಮೊಳಕೆ ಬರಿಸಿದ ಕಾಳಿನಂತಹ ಪುಷ್ಟಿಯ ತಿನಿಸುಗಳನ್ನು ನಿಲ್ಲಿಸಿರಿ. ನವಣೆಯನ್ನು ಅಳತೆಯಲ್ಲಿ ಕೊಡಿರಿ, ಸೊಪ್ಪು ತರಕಾರಿ ಇರಲಿ, ಆದರೆ ಹಸಿವಿನಲ್ಲಿ ಕೆಡವಬೇಡಿರಿ. ಸಮುದ್ರನೊರೆ ಎಂದು ಕರೆಯುವ ಬಿಳಿ ಎಲುಬು ಪಂಜರದಲ್ಲಿ ಸದಾ ಇರಲಿ, ಸುಣ್ಣದ ಅಂಶ ಅದರಿಂದ ಸಿಗುತ್ತದೆ. ಇಷ್ಟಾದರೂ ನಿಲ್ಲದಿದ್ದರೆ ಗಂಡು ಹೆಣ್ಣುಗಳನ್ನು ಬೇರೆ ಬೇರೆ ಪಂಜರಗಳಲ್ಲಿಡಿರಿ. ಮರಿಗಳು ದೊಡ್ಡವಾದ ಮೇಲಂತೂ ಇದು ಅಗತ್ಯ. ಒಂದೇ ಪಂಜರದಲ್ಲಿ ಒಡಹುಟ್ಟಿದವುಗಳೇ ಜೋಡಿಯಾಗಿ, ದುರ್ಬಲ ಮರಿಗಳು ಹುಟ್ಟುವ ಸಂಭವವಿದೆ.

ಗಂಡಿಲ್ಲದಿದ್ದರೂ ಹೆಣ್ಣು ಮೊಟ್ಟೆಯಿಡಬಹುದು. ಆ ಮೊಟ್ಟೆಯಲ್ಲಿ ಮರಿಯಾಗದು. ಅದನ್ನು ಕೂಡಲೇ ಎತ್ತಿ ಎಸೆದರೆ ನಷ್ಟ ತುಂಬಿಕೊಳ್ಳಲು ಹಕ್ಕಿ ಮತ್ತೊಂದನ್ನು ಇಡುತ್ತದೆ. ಅಲ್ಲೇ ಬಿಟ್ಟರೆ ಸುಮಾರು ಮೂರು ವಾರ ಕೂತು, ಬೇಸತ್ತು ತಾನೇ ಎದ್ದು ಹೋಗುತ್ತದೆ. ಆಗ ತೆಗೆಯಿರಿ.

ಗಂಡು ಜೊತೆಗಿದ್ದರೆ ಏನು ಮಾಡಬೇಕು? ಮೊಟ್ಟೆಯಿಟ್ಟ ದಿನವೇ ಅದನ್ನು ತೆಗೆದು, ಬೇಯಿಸಿ, ಪೂರ್ತಿ ತಣಿಸಿ, ಪೆನ್ಸಿಲಿನಿಂದ ಗುರುತು ಹಾಕಿ ಅಲ್ಲೇ ಇಡಿರಿ. ಪ್ಲಾಸ್ಟಿಕ್ ಮೊಟ್ಟೆ ಸಿಕ್ಕಿದರೆ ಅದನ್ನೇ ಬದಲಿಗೆ ಇಡಬಹುದು. ಅಜ್ಜಿಯ ಅಂಜಿಕೆಗೂ ಇಲ್ಲಿ ಗೌರವ ಸಲ್ಲಬೇಕು. ಕಾವು ಕೊಡದ ಹೊಸ ಮೊಟ್ಟೆ ನಮ್ಮ ಅಡುಗೆಮನೆಯ ಕೋಳಿಮೊಟ್ಟೆಯ ಹಾಗೆಯೇ. ಅದರಲ್ಲಿ ಮರಿ ಇನ್ನೂ ರೂಪುಗೊಂಡಿಲ್ಲ. ಆದರೆ ಐದಾರು ದಿನ ಕಾವು ಸಿಕ್ಕಿದ ಮೊಟ್ಟೆಯನ್ನು ಕತ್ತಲೆಯಲ್ಲಿ ಟಾರ್ಚಿನ ಬೆಳಕಿಗೆ ಹಿಡಿದರೆ ಕೆಂಪು ರಕ್ತನಾಳಗಳು ಕಾಣುತ್ತವೆ. ಅಷ್ಟು ದಿನ ಉದಾಸೀನ ಮಾಡಿ, ಆಮೇಲೆ ಎಸೆಯಲು ಯಾವ ಮನಸ್ಸು ಒಪ್ಪೀತು? ಆ ಮರಿಗಳನ್ನು ಹುಟ್ಟಲು ಬಿಟ್ಟು ಸಾಕಿರಿ, ಮುಂದಿನ ಸಲ ಎಚ್ಚರವಾಗಿರಿ. ನಾನು ಫತ್ವಾ ಕೊಡುತ್ತಿಲ್ಲ. ವಿಧಿಯ ಬಗ್ಗೆ ಸಂಶಯವಿದ್ದವರು ನಿಮ್ಮೂರಿನ ಆಲಿಮರಲ್ಲಿ ಕೇಳಿಕೊಳ್ಳಿರಿ.

ಇನ್ನೊಂದು ಮಾತು. ಹಕ್ಕಿಯು ಗರಿ ಉಬ್ಬಿಸಿಕೊಂಡು ತಳದಲ್ಲಿ ಕೂತು, ಬಾಲ ಅಲುಗಿಸುತ್ತ ತಿಣುಕುತ್ತಿದ್ದರೆ ನನ್ನಂತೆ ಕೆಲಸಕ್ಕೆ ಹೊರಡಬೇಡಿರಿ. ಹೊಟ್ಟೆಯನ್ನು ಒತ್ತಬೇಡಿರಿ. ಬೆಚ್ಚಗಿಟ್ಟು ಆಗಲೇ ಪಶುವೈದ್ಯರಲ್ಲಿಗೆ ಒಯ್ಯಿರಿ. ಕೆಲವೇ ಗಂಟೆಗಳಲ್ಲಿ ಜೀವ ಹೋಗಬಹುದು.

"ಬಾಗಿಲು ತೆರೆದು ಹಾರಲು ಬಿಟ್ಟರಾಯಿತಲ್ಲ" ಎನ್ನುವವರಿದ್ದಾರೆ. ಕೇಳಲು ಪುಣ್ಯದ ಕೆಲಸದಂತಿದೆ. ಆದರೆ ತಲೆತಲಾಂತರದಿಂದ ಪಂಜರದಲ್ಲಿ ಬೆಳೆದ, ಈ ನೆಲದ ಮೇವು ಹುಡುಕಲು ತಿಳಿಯದ ಹಕ್ಕಿಯನ್ನು ಹೊರಗೆ ಬಿಟ್ಟರೆ ಅದು ಕಾಗೆಗೋ ಬೆಕ್ಕಿಗೋ ಆಹಾರವಾಗುತ್ತದೆ, ಇಲ್ಲವೇ ಹಸಿವಿನಿಂದ ಸಾಯುತ್ತದೆ. ಬೇಡವಾದ ಹೊರೆಯನ್ನು ಇಳಿಸಿಕೊಂಡು ಅದಕ್ಕೆ ಸ್ವಾತಂತ್ರ್ಯವೆಂದು ಹೆಸರಿಟ್ಟು ನಮ್ಮನ್ನು ನಾವೇ ವಂಚಿಸಿಕೊಳ್ಳಬಾರದು. ಕೊಡುವುದಾದರೆ ಸಾಕಬಲ್ಲವರಿಗೆ, ಈ ವಿಷಯಗಳನ್ನೆಲ್ಲ ತಿಳಿಸಿ ಕೊಡಿರಿ. ನಮ್ಮ ನಾಡಿನ ಕಾಡುಗಿಣಿಗಳನ್ನಂತೂ ಹಿಡಿದು ಪಂಜರದಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ.

ಇನ್ನೂ ಕೊಳ್ಳದವರು ಸ್ವಲ್ಪ ನಿಂತು ಯೋಚಿಸಿರಿ. ಮಗುವಿಗೆ ಹಕ್ಕಿಯ ಒಡನಾಟ ಬೇಕಾದರೆ ಎರಡು ಗಂಡುಗಳನ್ನು ತಂದರೆ ಸಾಕು. ಅವು ಪರಸ್ಪರ ಹೊಂದಿಕೊಂಡು ಬಾಳುತ್ತವೆ. ಬೆಳೆದ ಗಂಡಿನ ಕೊಕ್ಕಿನ ಮೇಲಿನ ಮೂಗಿನ ಭಾಗ ಸಾಮಾನ್ಯವಾಗಿ ನೀಲಿ, ಹೆಣ್ಣಿನದು ಕಂದು. ಕೆಲವು ಬಣ್ಣದ ತಳಿಗಳಲ್ಲಿ ಈ ಗುರುತು ತಪ್ಪುತ್ತದೆ, ಆದ್ದರಿಂದ ತಿಳಿದವರಿಗೆ ತೋರಿಸಿ ಕೊಳ್ಳಿರಿ.

ಮರುದಿನ ನಾನು ಆ ಹುಡುಗನನ್ನು ಕರೆದು ಇದನ್ನೆಲ್ಲ ಹೇಳಿದೆ, ನನ್ನ ಹಕ್ಕಿ ಸತ್ತ ಕಥೆಯನ್ನೂ ಮುಚ್ಚಿಡಲಿಲ್ಲ. ಮಗಳಿಗೂ ಅಂದು ಸಂಜೆಯೇ ಉತ್ತರ ಕೊಟ್ಟೆ: "ಹೌದು ಮಗಳೇ, ಎಸೆದದ್ದು ನಾನೇ. ಮಡಕೆ ತೂಗುಹಾಕಿದ್ದೂ ನಾನೇ." ಈಗ ನಮ್ಮ ಪಂಜರದಲ್ಲಿ ಮಡಕೆಯಿಲ್ಲ. ಮಗ್ರಿಬ್‌ನ ಬಾಂಗ್ ಕೇಳಿದೊಡನೆ ಬಟ್ಟೆ ಹೊದಿಸುವವಳು ಅವಳೇ. ನಾಳೆ ಆ ಮೂಕ ಜೀವಿಗಳ ವಿಷಯದಲ್ಲಿ ನಮ್ಮನ್ನು ವಿಚಾರಿಸಲಾಗುವುದು. ನಿಮ್ಮ ವರಾಂಡದಲ್ಲೂ ಒಂದು ಪಂಜರವಿದ್ದರೆ ಇಂದೇ ಸಂಜೆ ಎದ್ದು ಅದರೊಳಗೊಮ್ಮೆ ನೋಡಿರಿ.